ಪರಾತವೋ, ಚರಿಗಿಯೋ?

ರೋಣದಿಂದ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಅವರೂ ಗಜೇಂದ್ರಗಡದಲ್ಲಿರುವ ಅವರ ಗೆಳೆಯರೂ ಮೋಟೊಜಿಪಿ ಎಂಬ ಮೋಟರ್‌ಸೈಕಲ್ ರೇಸಿನ ಕಟ್ಟಾ ಅಭಿಮಾನಿಗಳು. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೆ ಆ ರೇಸು ಬಂದಾಗ ಇಬ್ಬರೂ ರೈಲು ಹತ್ತಿ ಹೋಗಿ ಕಣ್ಣಾರೆ ನೋಡಿ ಬಂದವರು. 2027ರಿಂದ ರೇಸಿನ ಎಂಜಿನ್ನು 1000 ಸಿಸಿಯಿಂದ 850ಕ್ಕೆ ಇಳಿಯಬೇಕೆಂಬ ನಿಯಮ ಹೊರಬಿದ್ದಾಗಿನಿಂದ ಇಬ್ಬರಿಗೂ ವಾದ ಹತ್ತಿದೆ. "ಸಿಸಿ ಕಡಿಮಿ ಮಾಡಿದ್ರ ರೇಸಿನಾಗ ಏನ್ ಉಳಿತೈತ್ರಿ? 2007ರಾಗ ಹಿಂಗ ಮಾಡೇ ಕೆಡಿಸಿದ್ರಲ್ಲ" ಎನ್ನುವುದು ರೋಣದವರ ಪಕ್ಷ. "ಈ ಸಲದ್ದು ಆ ಸಲದಂಗಲ್ಲೋ ಮಾರಾಯ" ಎನ್ನುವುದು ಗಜೇಂದ್ರಗಡದವರದು. ಯಾರ ಮಾತು ಖರೆ, ವಿಜ್ಞಾನ ಏನು ಹೇಳುತ್ತದೆ ಎಂಬುದು ಪ್ರಶ್ನೆ.

ಇಟಲಿ, ಜಪಾನಿಗೆ ಹೋಗುವ ಮುಂಚೆ ನರಗುಂದ, ರೋಣ, ಗಜೇಂದ್ರಗಡದ ರಸ್ತೆಗಳಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಇಲ್ಲಿ ನಡುವಯಸ್ಸು ದಾಟಿದವರು ಹಳೆಯ ಮೋಟರ್‌ಸೈಕಲ್ಲುಗಳ ಮಾತೆತ್ತಿದರೆ ಎರಡು ಹೆಸರು ಬಂದೇ ಬರುತ್ತವೆ: ಯೆಜ್ಡಿ ಮತ್ತು ಆರ್‌ಎಕ್ಸ್ 100. ಯೆಜ್ಡಿ ನಮ್ಮ ನಾಡಿನದೇ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಹೆಸರಿನಲ್ಲಿ ಶುರುಮಾಡಿ, ಆಮೇಲೆ ಯೆಜ್ಡಿ ಎಂದು ಹೆಸರು ಬದಲಿಸಿ, 1996ರವರೆಗೆ ತಯಾರಿಸಿತು. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ. ಎರಡೂ ಟು ಸ್ಟ್ರೋಕ್. ಯೆಜ್ಡಿಯದು 250 ಸಿಸಿ, ಆರ್‌ಎಕ್ಸಿನದು ಬರೀ 98. ಆದರೂ ಖಾಲಿ ರಸ್ತೆಯಲ್ಲಿ ಸಣ್ಣದು ದೊಡ್ಡದರ ಮುಂದೆ ಚಿಮ್ಮಿ ಹೋಗುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಎಷ್ಟು ಸಲ ನೋಡಿದ್ದೇನೆ! ಆರ್‌ಎಕ್ಸ್ 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿತ್ತು. ಯೆಜ್ಡಿ ರೋಡ್‌ಕಿಂಗ್ 250 ಸಿಸಿಯಲ್ಲಿ ಸುಮಾರು 16. ಸಿಸಿಗೆ ತಕ್ಕಂತೆ ಶಕ್ತಿ ಇರುವುದಾದರೆ ಯೆಜ್ಡಿ 28 ಕೊಡಬೇಕಿತ್ತು.

ಯಾಕೆ ಕೊಡಲಿಲ್ಲ? ಅಡುಗೆಮನೆಗೆ ಬನ್ನಿ. ಒಂದು ಚರಿಗಿ, ಒಂದು ಪರಾತ ತೆಗೆದುಕೊಳ್ಳಿ. ಎರಡರಲ್ಲೂ ಒಂದೊಂದು ಲೀಟರ್ ನೀರು ಹಿಡಿಯುತ್ತದೆ ಎಂದುಕೊಳ್ಳೋಣ. ಚರಿಗಿ ಆಳ, ಬಾಯಿ ಸಣ್ಣದು. ಪರಾತ ಅಗಲ, ಆಳವೇ ಇಲ್ಲ. ಸಿಸಿ ಅಂದರೆ ಹಿಡಿಯುವ ನೀರಿನ ಲೆಕ್ಕ ಮಾತ್ರ. ಪಾತ್ರೆಯ ಆಕಾರವನ್ನು ಅದು ಹೇಳುವುದಿಲ್ಲ. ಎಂಜಿನ್ನಿನಲ್ಲಿ ಅಗಲಕ್ಕೆ ಬೋರ್ ಎನ್ನುತ್ತಾರೆ. ಗಾಡಿ ಹಳತಾದಾಗ ಗ್ಯಾರೇಜಿನಲ್ಲಿ 'ಬೋರ್ ಮಾಡಿಸುವುದು' ಅಂದರೆ ಈ ಅಗಲವನ್ನು ಕೂದಲೆಳೆಯಷ್ಟು ಹೆಚ್ಚಿಸುವುದೇ. ಪಿಸ್ಟನ್ನು ಮೇಲಿಂದ ಕೆಳಗೆ ಓಡುವ ಆಳ ಸ್ಟ್ರೋಕ್. ಯೆಜ್ಡಿಯ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಅದು ಚರಿಗಿ. ಆರ್‌ಎಕ್ಸಿನದು 50ಕ್ಕೆ 50, ಸರಿಸಮ. ಈಗಿನ ಮೋಟೊಜಿಪಿ ಎಂಜಿನ್ನಿನ ಬೋರ್ 81 ಮಿಲಿಮೀಟರ್, ಸ್ಟ್ರೋಕ್ ಬರೀ 48.5. ಅದು ಅಪ್ಪಟ ಪರಾತ.

ಪರಾತದಿಂದ ಎರಡು ಲಾಭ. ಬಾಯಿ ಅಗಲವಾದ್ದರಿಂದ ದೊಡ್ಡ ವಾಲ್ವುಗಳನ್ನು ಕೂಡಿಸಬಹುದು, ಗಾಳಿ ಬೇಗ ತುಂಬುತ್ತದೆ. ಆಳ ಕಡಿಮೆಯಾದ್ದರಿಂದ ಪಿಸ್ಟನ್ನಿಗೆ ಓಡಾಟ ಕಡಿಮೆ, ಹಾಗಾಗಿ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗಿಸಬಹುದು. ಎಂಜಿನ್ನಿನ ಶಕ್ತಿ ಅಂದರೆ ಒಂದು ನಿಮಿಷದಲ್ಲಿ ಅದು ಎಷ್ಟು ಗಾಳಿ ನುಂಗಿ ಎಷ್ಟು ಪೆಟ್ರೋಲು ಉರಿಸುತ್ತದೆ ಎಂಬ ಲೆಕ್ಕ. ಸಣ್ಣ ಪಾತ್ರೆಯಾದರೂ ಹೆಚ್ಚು ಸಲ ಮೊಗೆದರೆ ದೊಡ್ಡ ಪಾತ್ರೆಯನ್ನು ಮೀರಿಸಬಹುದು. ಆರ್‌ಎಕ್ಸ್ 7500 ಸುತ್ತಿನಲ್ಲಿ ಮೊಗೆಯುತ್ತಿತ್ತು, ಯೆಜ್ಡಿ ಅದಕ್ಕಿಂತ ಎಷ್ಟೋ ನಿಧಾನವಾಗಿ. ಯೆಜ್ಡಿಯ ಬಲ ಬೇರೆ ಕಡೆ ಇತ್ತು: ಹಿಂದೆ ಎರಡು ಚೀಲ ಕಟ್ಟಿ ಎರೆಹೊಲದ ದಾರಿಯಲ್ಲಿ ಎಳೆಯುವುದರಲ್ಲಿ.

ಆರ್‌ಎಕ್ಸಿನ ಚುರುಕಿಗೆ ಇನ್ನೊಂದು ಕಾರಣವಿತ್ತು, ಅದರ ಸೈಲೆನ್ಸರು. ಇದರ ಕಥೆ ನನಗೆ ಬಹಳ ಪ್ರಿಯ.

ಟು ಸ್ಟ್ರೋಕ್ ಎಂಜಿನ್ನಿನ ಹುಟ್ಟುದೋಷ ಏನೆಂದರೆ, ಸುಟ್ಟ ಹೊಗೆ ಹೊರಗೆ ಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಪೆಟ್ರೋಲು ಗಾಳಿ ಒಳಗೆ ಬರುತ್ತದೆ. ಬಂದದ್ದರಲ್ಲಿ ಒಂದಿಷ್ಟು ಉರಿಯದೇ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಇದನ್ನು ತಡೆದವರು ಪೂರ್ವ ಜರ್ಮನಿಯ ತ್ಸ್ಶೋಪಾವು ಊರಿನ ಎಂಜೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. ಗಜೇಂದ್ರಗಡದ ಗುಡ್ಡದ ಎದುರು ನಿಂತು ಕೂಗಿದರೆ ಕೂಗು ಮರಳಿ ಬರುತ್ತದಲ್ಲ, ಕಾಡೆನ್ ಹಿಡಿದದ್ದು ಅದೇ ತತ್ವವನ್ನು. ಹೊಗೆಯ ಬಾಗಿಲು ತೆರೆದಾಗ ಹೊರಡುವ 'ಢಬ್' ಎಂಬ ಸದ್ದು ಒಂದು ಒತ್ತಡದ ಅಲೆ. ಸೈಲೆನ್ಸರನ್ನು ಮೊದಲು ಉಬ್ಬಿಸಿ ಆಮೇಲೆ ಕಿರಿದಾಗಿಸಿದರೆ ಆ ಅಲೆ ಕಿರಿದಾದ ತುದಿಗೆ ಬಡಿದು ಹಿಂದಿರುಗುತ್ತದೆ. ಸರಿಯಾದ ಕ್ಷಣಕ್ಕೆ ಬಾಗಿಲಿಗೆ ಬಂದರೆ, ಹೊರಗೆ ಓಡುತ್ತಿದ್ದ ಹೊಸ ಗಾಳಿಯನ್ನು ತಿರುಗಿ ಒಳಗೇ ನೂಕುತ್ತದೆ. ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರನ್ನು ಕಂಡಕ್ಟರು ಕೊನೇ ಗಳಿಗೆಯಲ್ಲಿ ಒಳಗೆ ನೂಕಿ ಬಾಗಿಲು ಹಾಕಿದಂತೆ.

ಲೆಕ್ಕ ಹಾಕಿ ನೋಡಿ, ಇದರ ಸೊಗಸು ಗೊತ್ತಾಗುತ್ತದೆ. 7500 ಸುತ್ತಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 8 ಭಾಗ ಸಮಯ. ಹೊಗೆಯ ಬಾಗಿಲು ತೆರೆದಿರುವುದು ಅದರ ಅರ್ಧದಷ್ಟು ಕಾಲ. ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅಷ್ಟು ಕಾಲದಲ್ಲಿ ಹೋಗಿ ಬರಲು ಸಿಗುವ ದಾರಿ, ಒಂದು ಕಡೆಗೆ, ಹತ್ತಿರ ಹತ್ತಿರ ಒಂದು ಮೀಟರ್. ನಿಮ್ಮ ಮನೆಯಲ್ಲಿ ಹಳೆಯ ಆರ್‌ಎಕ್ಸ್ ಇದ್ದರೆ ಸೈಲೆನ್ಸರನ್ನು ಅಳೆದು ನೋಡಿ. ಅದರ ಉದ್ದ ಚಂದಕ್ಕೆ ಇಟ್ಟದ್ದಲ್ಲ.

ಕಾಡೆನ್ 1961ರಲ್ಲಿ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದರು. ಲೀಟರಿಗೆ 200! ಆ ಗಾಡಿಯ ಮೇಲೆ ಅರ್ನ್‌ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್ ಪಟ್ಟದ ಹತ್ತಿರ ಬಂದಿದ್ದ. ಬರ್ಲಿನ್ ಗೋಡೆ ಎದ್ದು ಒಂದು ತಿಂಗಳಷ್ಟೇ ಆಗಿತ್ತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ರೇಸಿನಲ್ಲಿ ಅವನ ಎಂಜಿನ್ನು ಕೈಕೊಟ್ಟಿತು. ಅವನು ಮರಳಿ ಪೂರ್ವ ಜರ್ಮನಿಗೆ ಹೋಗಲೇ ಇಲ್ಲ. ಹೆಂಡತಿ ಮಕ್ಕಳನ್ನು ಗುಟ್ಟಾಗಿ ಗಡಿ ದಾಟಿಸಲಾಗಿತ್ತು. ಅವನು ಸುಜುಕಿ ಕಂಪನಿ ಸೇರಿದ, ಕಾಡೆನ್‌ರ ವಿದ್ಯೆಯನ್ನು ತಲೆಯಲ್ಲಿ ಹೊತ್ತುಕೊಂಡೇ ಸೇರಿದ. ಮರುವರ್ಷ 1962ರಲ್ಲಿ 50 ಸಿಸಿ ವಿಶ್ವ ಪಟ್ಟ ಸುಜುಕಿಗೆ, ಡೆಗ್ನರ್‌ಗೆ. ಜಪಾನಿನ ಸುಜುಕಾ ಸರ್ಕ್ಯೂಟಿನಲ್ಲಿ ಇಂದಿಗೂ ಒಂದು ತಿರುವಿಗೆ ಡೆಗ್ನರ್ ಹೆಸರಿದೆ. ಕಾಡೆನ್ ಹೆಸರಿನ ತಿರುವು ಅಲ್ಲಿಲ್ಲ. ಸಣ್ಣ ಕಾರ್ಖಾನೆಯಲ್ಲಿ ಕಡಿಮೆ ದುಡ್ಡಿನಲ್ಲಿ ದುಡಿದು, ಜಗತ್ತಿನ ಟು ಸ್ಟ್ರೋಕ್ ಗಾಡಿಗಳಿಗೆಲ್ಲ ಜೀವ ತುಂಬಿದ ಈ ಮನುಷ್ಯನನ್ನು ಆರ್‌ಎಕ್ಸ್ ಪ್ರೇಮಿಗಳು ನೆನೆಯಬೇಕು.

ಈಗ ನಿಯಮಗಳ ವಿಷಯ. ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ ಶುರುವಾದಾಗಿನಿಂದಲೂ ವರ್ಗಗಳನ್ನು ಸಿಸಿ ಲೆಕ್ಕದಲ್ಲೇ ವಿಂಗಡಿಸಿದರು: 125, 250, 350, 500. ಎಂಜಿನಿಯರುಗಳು ಸಿಸಿಯನ್ನು ಮುಟ್ಟದೆ ಉಳಿದದ್ದನ್ನೆಲ್ಲ ಹಿಗ್ಗಿಸಿದರು. 1960ರ ದಶಕದಲ್ಲಿ ಹೋಂಡಾ 125 ಸಿಸಿಯನ್ನು ಐದು ಸಿಲಿಂಡರಿಗೆ, 250 ಸಿಸಿಯನ್ನು ಆರು ಸಿಲಿಂಡರಿಗೆ ಹಂಚಿತು. ಸುಜುಕಿಯ 50 ಸಿಸಿ ಗಾಡಿಗೆ 14 ಗೇರು. ಕೊನೆಗೆ ಸಿಲಿಂಡರಿಗೂ ಗೇರಿಗೂ ಮಿತಿ ಬಂತು. 500 ಸಿಸಿಗೆ ನಾಲ್ಕೇ ಸಿಲಿಂಡರ್ ಎಂದಾಗ ಹೋಂಡಾ 1979ರಲ್ಲಿ ಸಿಲಿಂಡರನ್ನೇ ಉದ್ದುದ್ದ ಎಳೆದು, ಗುಂಡಗಿನ ಬದಲು ಅಂಡಾಕಾರದ ಪಿಸ್ಟನ್ ಕೂಡಿಸಿ, ಒಂದೊಂದಕ್ಕೆ ಎಂಟೆಂಟು ವಾಲ್ವು ಕೊಟ್ಟಿತು. ಲೆಕ್ಕಕ್ಕೆ ನಾಲ್ಕು, ಕೆಲಸಕ್ಕೆ ಎಂಟು. ಅಷ್ಟು ಬುದ್ಧಿ ಸುರಿದರೂ ಆ ಗಾಡಿ ಒಂದೂ ಗ್ರ್ಯಾನ್ ಪ್ರಿ ಗೆಲ್ಲಲಿಲ್ಲ. 1975ರಿಂದ 2001ರವರೆಗೆ 500 ಸಿಸಿಯ ಪಟ್ಟವೆಲ್ಲ ಟು ಸ್ಟ್ರೋಕಿಗೇ ಹೋಯಿತು.

2002ರಲ್ಲಿ ಫೋರ್ ಸ್ಟ್ರೋಕಿಗೆ 990 ಸಿಸಿ ಬಿಟ್ಟುಕೊಟ್ಟರು. ಟು ಸ್ಟ್ರೋಕ್ ಪ್ರತಿ ಸುತ್ತಿಗೂ ಉರಿಯುತ್ತದೆ, ಫೋರ್ ಸ್ಟ್ರೋಕ್ ಎರಡು ಸುತ್ತಿಗೊಮ್ಮೆ. ಆದ್ದರಿಂದ ದುಪ್ಪಟ್ಟು ಸಿಸಿ ನ್ಯಾಯವೇ. ಹೊಗೆಯ ಕಾನೂನಿನಿಂದ ರಸ್ತೆಯ ಮೇಲೆ ಟು ಸ್ಟ್ರೋಕ್ ಎಲ್ಲೆಡೆ ಸಾಯುತ್ತಿತ್ತು, ರೇಸಿನಲ್ಲೂ ಹೋಯಿತು. ವೇಗ ಅತಿಯಾಯಿತೆಂದು 2007ರಲ್ಲಿ 800ಕ್ಕೆ ಇಳಿಸಿದರು. ನಮ್ಮ ರೋಣದ ಓದುಗರ ಸಿಟ್ಟು ಇಲ್ಲಿಯದು.

ಆ ಸಿಟ್ಟು ನ್ಯಾಯವಾದದ್ದು. 800 ಎಂದರು, ಆದರೆ ಪಾತ್ರೆಯ ಆಕಾರಕ್ಕೆ ಕಟ್ಟಳೆ ಹಾಕಲಿಲ್ಲ. ಎಂಜಿನಿಯರುಗಳು ಪರಾತವನ್ನು ಇನ್ನಷ್ಟು ಪರಾತ ಮಾಡಿದರು. ಬೋರ್ ಅಗಲಿಸಿ, ಸ್ಟ್ರೋಕ್ ಕಿರಿದಾಗಿಸಿ, ಸುತ್ತು ಏರಿಸಿದರು. ಕಳೆದ ಶಕ್ತಿ ಬಹುಪಾಲು ಮರಳಿ ಬಂತು. ಒಳಗೆ ತಿರುಗುವ ಭಾಗಗಳು ಸಣ್ಣವಾದ್ದರಿಂದ ಗಾಡಿ ಬೇಗ ವಾಲತೊಡಗಿತು, ತಿರುವಿನಲ್ಲಿ ವೇಗ ಕಡಿಮೆಯಾಗುವ ಬದಲು ಹೆಚ್ಚಾಯಿತು. ಸವಾರ ಬೀಳುವುದು ಹೆಚ್ಚಾಗಿ ತಿರುವಿನಲ್ಲೇ. ಕಡಿಮೆ ಸುತ್ತಿನಲ್ಲಿ ಎಳೆಯುವ ಬಲ ಹೋದ್ದರಿಂದ ಎಲ್ಲರೂ ಒಂದೇ ಗೆರೆ ಹಿಡಿದು ಸಾಲಾಗಿ ಓಡಿದರು. ದುಕಾಟಿ ಕಂಪನಿಯ ಸವಾರ ಕೇಸಿ ಸ್ಟೋನರ್ ಆ ವರ್ಷ 18ರಲ್ಲಿ 10 ರೇಸು ಗೆದ್ದ. ಅವನ ಕೈಚಳಕಕ್ಕೆ ನನ್ನ ನಮಸ್ಕಾರವಿದೆ. ನಿಯಮ ಮಾತ್ರ ತಪ್ಪಿತ್ತು.

2012ರಲ್ಲಿ 1000 ಸಿಸಿಗೆ ಮರಳಿದಾಗ ಮೊದಲ ಸಲ ಸರಿಯಾದ ಕಡೆ ಗೂಟ ಹೊಡೆದರು: ಬೋರ್ 81 ಮಿಲಿಮೀಟರ್ ಮೀರುವಂತಿಲ್ಲ. 2027ರ ನಿಯಮ 850 ಸಿಸಿ ಎನ್ನುವುದರ ಜೊತೆಗೆ ಬೋರ್ 75 ಮಿಲಿಮೀಟರ್ ಎನ್ನುತ್ತದೆ. ಪೆನ್ನು ಹಿಡಿದು ನೀವೇ ಲೆಕ್ಕ ಮಾಡಿ. ನಾಲ್ಕು ಸಿಲಿಂಡರಿಗೆ 850 ಹಂಚಿದರೆ ಒಂದಕ್ಕೆ 212.5. ಬೋರ್ 75 ಆದರೆ ಸ್ಟ್ರೋಕ್ 48.1 ಮಿಲಿಮೀಟರ್ ಬರುತ್ತದೆ. ಈಗಿನದು 48.5. ಪಾತ್ರೆಯ ಬಾಯಿ ಕಿರಿದಾಯಿತು, ಆಳ ಇದ್ದಷ್ಟೇ ಇದೆ. ಈಗಲೇ 18,000 ಸುತ್ತಿನಲ್ಲಿ ಪಿಸ್ಟನ್ನು ಸೆಕೆಂಡಿಗೆ 600 ಸಲ ನಿಂತು ಮತ್ತೆ ಓಡುತ್ತದೆ. ಅದರ ಮೇಲೆ ಬೀಳುವ ಜಗ್ಗಾಟ ಗುರುತ್ವದ ಹತ್ತು ಸಾವಿರ ಪಟ್ಟು. ಆಳ ಕಿರಿದಾಗದಿದ್ದರೆ ಸುತ್ತನ್ನು ಮನಸ್ಸಿಗೆ ಬಂದಂತೆ ಏರಿಸಲು ಲೋಹ ಬಿಡುವುದಿಲ್ಲ. ಹಾಗಾಗಿ ಸಿಸಿಯಲ್ಲಿ ಕಳೆದ ಶೇಕಡ 15ರಲ್ಲಿ ಹೆಚ್ಚಿನ ಪಾಲು ಈ ಸಲ ನಿಜಕ್ಕೂ ಕಳೆಯುತ್ತದೆ.

ಅದರಿಂದ ನೇರ ಹಾದಿಯ ವೇಗ ಎಷ್ಟು ಇಳಿದೀತು? ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕೇಳಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಗಾಳಿಯನ್ನು ಸೀಳಿ ಓಡುವ ಗಾಡಿಗೂ ಇದೇ ಲೆಕ್ಕ, ತಿರುಗಿಸಿ ಓದಬೇಕು ಅಷ್ಟೇ: ಶಕ್ತಿ ಶೇಕಡ 15 ಇಳಿದರೆ ವೇಗ ಇಳಿಯುವುದು ಶೇಕಡ 5ರಷ್ಟು. 2023ರಲ್ಲಿ ಇಟಲಿಯ ಮುಜೆಲ್ಲೋ ಸರ್ಕ್ಯೂಟಿನಲ್ಲಿ ಸವಾರ ಬ್ರ್ಯಾಡ್ ಬಿಂಡರ್ ದಾಖಲಿಸಿದ ಗಂಟೆಗೆ 366.1 ಕಿಲೋಮೀಟರ್, ಈ ಲೆಕ್ಕದಲ್ಲಿ 347ರ ಸುಮಾರಿಗೆ ಬರುತ್ತದೆ. ರೇಸಿನ ರುಚಿ ಅಷ್ಟಕ್ಕೆ ಕೆಡುವುದಿಲ್ಲ. ಬಿದ್ದ ಸವಾರ ಜಾರುವ ದೂರ ಮಾತ್ರ ಕಡಿಮೆಯಾಗುತ್ತದೆ.

ಅದೇ ಗಾಳಿಯಂತ್ರಗಳನ್ನು ಇನ್ನೊಮ್ಮೆ ನೋಡಿ. ಒಂದರ ಬೆನ್ನಿಗೇ ಇನ್ನೊಂದನ್ನು ನಿಲ್ಲಿಸುವುದಿಲ್ಲ, ದೂರ ದೂರ ನೆಡುತ್ತಾರೆ. ಮುಂದಿನದರ ರೆಕ್ಕೆ ದಾಟಿದ ಗಾಳಿ ಬಲಗುಂದಿ ಕಲಕಿಹೋಗಿರುತ್ತದೆ, ಹಿಂದಿನದಕ್ಕೆ ಅದು ದಕ್ಕುವುದಿಲ್ಲ. ರೇಸಿನ ಗಾಡಿಗಳಿಗೆ ರೆಕ್ಕೆ ಬಂದ ಮೇಲೆ ಆದದ್ದು ಇದೇ. ಆ ರೆಕ್ಕೆಗಳು ಮುಂದಿನ ಗಾಲಿಯನ್ನು ನೆಲಕ್ಕೆ ಒತ್ತುತ್ತವೆ. ಆದರೆ ಹಿಂದೆ ಬರುವವನಿಗೆ ಕಲಕಿದ ಗಾಳಿ ಸಿಕ್ಕಿ ಅವನ ರೆಕ್ಕೆ ಕೆಲಸ ಮಾಡುವುದಿಲ್ಲ, ಮುಂದಿನ ಟೈರು, ಬ್ರೇಕು ಕಾಯುತ್ತವೆ. ಹಿಂದಿಕ್ಕುವುದು ಕಷ್ಟವಾದದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ಸಿಸಿಗೂ ಇದಕ್ಕೂ ಸಂಬಂಧವಿಲ್ಲ. 2027ರಲ್ಲಿ ಮುಂಭಾಗದ ಅಗಲವನ್ನು 50 ಮಿಲಿಮೀಟರ್ ಕತ್ತರಿಸುತ್ತಾರೆ, ಓಡುವಾಗಲೇ ಗಾಡಿಯ ಎತ್ತರ ತಗ್ಗಿಸುವ ಸಾಧನಗಳನ್ನು ಪೂರ್ತಿ ತೆಗೆಯುತ್ತಾರೆ. ನನಗಾಗಿದ್ದರೆ ರೆಕ್ಕೆಗೆ ಇನ್ನೂ ಬಿಗಿಯಾಗಿ ಕತ್ತರಿ ಹಾಕುತ್ತಿದ್ದೆ.

ಹೊಸ ನಿಯಮದ ಇಂಧನದ ಬಗ್ಗೆಯೂ ಬಹಳ ಗದ್ದಲವಿದೆ. ಟ್ಯಾಂಕು 22 ಲೀಟರಿನಿಂದ 20ಕ್ಕೆ ಇಳಿಯುತ್ತದೆ. ಪೆಟ್ರೋಲಿನಲ್ಲಿ ಭೂಗರ್ಭದ ಎಣ್ಣೆಯ ಹನಿಯೂ ಇರುವಂತಿಲ್ಲ. ಈ ಇಂಧನ ನಾಳೆ ನಮ್ಮ ನರಗುಂದದ ಪಂಪಿಗೂ ಬರುತ್ತದೆ ಎಂಬ ಪ್ರಚಾರವನ್ನು ನಾನು ನಂಬುವುದಿಲ್ಲ. ಕೆಲವೇ ರೇಸಿನ ಗಾಡಿಗಳಿಗೆ ಇಂಧನ ಮಾಡಿಕೊಡುವುದು ಬೇರೆ, ಒಂದು ತಾಲ್ಲೂಕಿನ ಮೋಟರ್‌ಸೈಕಲ್ಲುಗಳಿಗೆಲ್ಲ ಮಾಡಿಕೊಡುವುದು ಬೇರೆ.

ರೋಣದ ಓದುಗರೇ, 2007ರ ಬಗ್ಗೆ ನಿಮ್ಮ ಮಾತು ಪೂರ್ತಿ ಖರೆ. ಆದರೆ 2027ರ ಪಂದ್ಯದಲ್ಲಿ ನಾನು ನಿಮ್ಮ ಗಜೇಂದ್ರಗಡದ ಗೆಳೆಯರ ಪಕ್ಷ. ಮುಂದಿನ ಸಲ ಹೊಸ ನಿಯಮದ ಸುದ್ದಿ ಬಂದಾಗ ಸಿಸಿಯನ್ನು ಓದಿ ಅಲ್ಲಿಗೇ ನಿಲ್ಲಬೇಡಿ, ಅದರ ಕೆಳಗಿನ ಸಾಲಿನಲ್ಲಿ ಬೋರ್ ಎಷ್ಟೆಂದು ಹುಡುಕಿ.