ಗಡಿಯಾರ ಬರುವ ಮೊದಲು ಓಡಿದವರು

ಕಲ್ಯಾಣ ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಹಿರಿಯರು ಹರೆಯದಲ್ಲಿ ಕಂಬಳದ ಕೋಣ ಓಡಿಸಿದವರು. ಸೀಸನ್ನಿನಲ್ಲಿ ಶನಿವಾರ ರಾತ್ರಿಯಿಡೀ ಮೊಬೈಲಿನಲ್ಲಿ ನೇರಪ್ರಸಾರ ನೋಡುತ್ತಾರೆ. ಭಾನುವಾರ ಡೊಂಬಿವಲಿಯಿಂದ ತಿಂಡಿಗೆ ಹೋದರೆ ನನಗೆ ಮೊದಲು ಫಲಿತಾಂಶ, ಆಮೇಲೆ ನೀರುದೋಸೆ.

“ನಿಮ್ಮ ಟೈಮಿಂಗ್ ಎಷ್ಟಿತ್ತು?” ಎಂದು ಒಮ್ಮೆ ಕೇಳಿದೆ.

“ನಮಗೆ ಯಾರು ಮಾರಾಯ್ರೆ ಸೆಕೆಂಡು ಲೆಕ್ಕ ಇಟ್ಟದ್ದು? ಯಾವ ಜೋಡಿ ಮುಂದೆ, ಅಷ್ಟೇ.”

2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಅವರನ್ನು ಉಸೇನ್ ಬೋಲ್ಟ್ ಪಕ್ಕ ನಿಲ್ಲಿಸಿತು. (ಬೋಲ್ಟ್‌ಗೆ ಕೋಣದ ಎಳೆತ ಇರಲಿಲ್ಲ, ಅದು ಬೇರೆ ಮಾತು.) ಸನ್ಮಾನಗಳು ಬಂದವು, ಬರಬೇಕಾದ್ದೇ. ಅವರಿಗಿಂತ ಮೊದಲು ಓಡಿ ನಿವೃತ್ತರಾದವರಿಗೆ?

ಅಮೆರಿಕದ ನಾಸ್ಕಾರ್ ಕಾರು ಓಟದವರು ಹಳೆಯ ಚಾಲಕರಿಗಾಗಿ ಷಾರ್ಲೆಟ್ ನಗರದಲ್ಲಿ 2010ರಲ್ಲೇ ಹಾಲ್ ಆಫ್ ಫೇಮ್ ಕಟ್ಟಿದ್ದಾರೆ. ಕಂಬಳಕ್ಕೂ ಅಂಥದ್ದೊಂದು ಬೇಕು. ಆದರೆ ಸೆಕೆಂಡನ್ನೇ ಅಳತೆಗೋಲು ಮಾಡಿದರೆ ಹಳಬರೆಲ್ಲ ಬಾಗಿಲಲ್ಲೇ ಉಳಿದಾರು. ಎಲ್ಲ ಕರೆಗಳ ಉದ್ದವೂ ಒಂದೇ ಅಲ್ಲ. ಕನೆಹಲಗೆಯಲ್ಲಂತೂ ವೇಗವೇ ಮುಖ್ಯವಲ್ಲ. ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ನೀರು ಆರೂವರೆ ಕೋಲಿನ ನಿಶಾನೆ ಮುಟ್ಟಿತೋ, ಏಳೂವರೆಯದೋ ಎಂಬುದೇ ಲೆಕ್ಕ. ಹಾಗಾಗಿ ಎದುರು ಓಡಿದವರನ್ನು, ಕೋಣದ ಯಜಮಾನರನ್ನು, ತೀರ್ಪುಗಾರರನ್ನು ಕೇಳಿ ಬರೆದುಕೊಳ್ಳಬೇಕು. ಅವರು ಇರುವಾಗಲೇ. ಊರು ಬಿಟ್ಟು ಇಲ್ಲಿ ಗಲ್ಲೆ ಹಿಡಿದವರನ್ನೂ ಹುಡುಕಬೇಕು.

“ನಿಮ್ಮಿಂದಲೇ ಶುರು ಮಾಡಲಾ?” ಎಂದು ಪೆನ್ನು ತೆಗೆದೆ.

“ಮೊದಲು ಕೋಣಗಳ ಹೆಸರು ಬರ್ಕೊಳ್ಳಿ,” ಎಂದರು.