ಚಿಗರಿಯೋ, ಸಾದಾ ಬಸ್ಸೋ?

ಓದಿಗೆ ಧಾರವಾಡ, ವ್ಯಾಪಾರಕ್ಕೆ ಹುಬ್ಬಳ್ಳಿ ಎಂಬುದು ಅವಳಿ ನಗರದ ಹಳೆಯ ಹಂಚಿಕೆ. 1962ರಲ್ಲಿ ಎರಡಕ್ಕೂ ಒಂದೇ ಮಹಾನಗರಪಾಲಿಕೆಯಾದರೂ ನಡುವಿನ ಸುಮಾರು 20 ಕಿಲೋಮೀಟರು ಉಳಿದೇ ಇದೆ. ಅದನ್ನು ದಿನವೂ ದಾಟುವವರ ಲೆಕ್ಕಾಚಾರ ಸ್ವಾರಸ್ಯಕರ.

2018ರ ಅಕ್ಟೋಬರಿನಲ್ಲಿ ಬಿಆರ್‌ಟಿಎಸ್ ಮಾರ್ಗದಲ್ಲಿ 'ಚಿಗರಿ' ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದವು. ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ. ಚಿಗರಿ ಎಂದರೆ ಈ ಭಾಗದ ಮಾತಿನಲ್ಲಿ ಜಿಂಕೆ. ಹೆಸರು ಒಪ್ಪುವಂಥದ್ದೇ. ರಸ್ತೆಯ ನಡುವೆ ಇವಕ್ಕೆಂದೇ ಪ್ರತ್ಯೇಕ ಪಥವಿದ್ದು, ಪಕ್ಕದಲ್ಲಿ ಲಾರಿ, ಆಟೋಗಳು ಸಿಕ್ಕಿಕೊಂಡಿದ್ದರೂ ಇವು ಮುಂದೆ ಸಾಗುತ್ತವೆ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಮೊಣಕಾಲು ನೋವಿನ ಅಜ್ಜಿಗೂ ಹತ್ತುವುದು ಸಲೀಸು. ಆದರೆ ನಿಲ್ದಾಣವಿರುವುದು ರಸ್ತೆಯ ನಡುವೆ. ಅಲ್ಲಿಗೆ ತಲುಪಲು ಆಕೆ ವಾಹನಗಳ ನಡುವೆ ಅರ್ಧ ರಸ್ತೆ ದಾಟಬೇಕು!

2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದಾಗ ಲೆಕ್ಕ ಮತ್ತೆ ಬದಲಾಯಿತು. ಮಹಿಳೆಯರಿಗೆ ಸಾದಾ ಬಸ್ಸಿನ ಪ್ರಯಾಣ ಉಚಿತವಾಯಿತು, ಹವಾನಿಯಂತ್ರಿತ ಬಸ್ಸುಗಳು ಹೊರಗುಳಿದವು. ಚಿಗರಿ ಹವಾನಿಯಂತ್ರಿತ. ಹೀಗಾಗಿ ಒಂದೇ ಮನೆಯ ಗಂಡ ಚಿಗರಿ ಹತ್ತಿದರೆ ಹೆಂಡತಿ ಸಾದಾ ಬಸ್ಸಿಗೆ ಕಾಯುವುದುಂಟು. ತಿಂಗಳ ಟಿಕೆಟ್ ಹಣ ಉಳಿಯುತ್ತದೆ, ಹೊತ್ತು ಹೋಗುತ್ತದೆ. ಕೆಲಸಕ್ಕೆ ತಡವಾದ ದಿನ ಮಾತ್ರ ಆಕೆಯೂ ನಡುರಸ್ತೆಯ ನಿಲ್ದಾಣದತ್ತ ಓಡುತ್ತಾಳೆ.