ಟಿಲ್ಲರಿಗೆ ಹೊಸ ಎಂಜಿನ್: ಅಶ್ವಶಕ್ತಿಗಿಂತ ಮೊದಲು ಸುತ್ತು

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಿಗೆ ದೊಡ್ಡ ಟ್ರಾಕ್ಟರ್ ಇಳಿಯುವುದಿಲ್ಲ. ಮರದಿಂದ ಮರಕ್ಕೆ ಒಂಬತ್ತು ಅಡಿ, ನಡುವೆ ಕಣಿ, ತೋಟ ದಾಟಿದರೆ ಗುಡ್ಡೆಯ ಏರು. ಇಂಥ ಜಾಗದಲ್ಲಿ ತೋಟದ ಟ್ರಾಕ್ಟರ್ ಎಂದರೆ ಪವರ್ ಟಿಲ್ಲರೇ. ಬೈಲಿನ ಗದ್ದೆಗಳೆಲ್ಲ ತೋಟವಾದ ಮೇಲೆ ಅದಕ್ಕೆ ಉಳುವ ಕೆಲಸ ಕಡಿಮೆಯಾಯಿತು. ಟ್ರೈಲರ್ ಕಟ್ಟಿಕೊಂಡು ಹಟ್ಟಿಗೊಬ್ಬರ, ಸೊಪ್ಪು, ಅಡಿಕೆ ಹೊರುವುದು ಮತ್ತು ಮಳೆಗಾಲದಲ್ಲಿ ಮದ್ದು ಬಿಡುವ ಪಂಪು ತಿರುಗಿಸುವುದು ಉಳಿಯಿತು.

1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪೆನಿ ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನದಿಂದ ಟಿಲ್ಲರ್ ಮಾಡಿತು. 1973ರಲ್ಲಿ ಕೇರಳ ಸರಕಾರದ ಕ್ಯಾಮ್ಕೊ ಕುಬೋಟಾದ ಮಾದರಿ ಹಿಡಿಯಿತು. ಎರಡರದ್ದೂ ಒಂದೇ ಜಾತಿಯ ಎಂಜಿನ್: ಅಡ್ಡ ಮಲಗಿದ ಒಂದೇ ಸಿಲಿಂಡರ್, ನೀರಿನ ತಂಪು, ಪಕ್ಕದಲ್ಲಿ ಭಾರದ ಫ್ಲೈವೀಲ್, ಅಲ್ಲಿಂದ ವಿ ಬೆಲ್ಟ್ ಮೂಲಕ ಕ್ಲಚ್ಚಿಗೆ ಶಕ್ತಿ. ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಬೆಸೆಯುವುದು ಬರೀ ಬೆಲ್ಟ್ ಆದ್ದರಿಂದಲೇ ಮನೆಯಂಗಳದಲ್ಲಿ ಎಂಜಿನ್ ಬದಲಿಸುವುದು ಸಾಧ್ಯ. ಕಾರಿನಲ್ಲಾದರೆ ಇದು ಇಷ್ಟು ಸುಲಭವಲ್ಲ.

ಟಿಲ್ಲರಿನಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಎಂಜಿನ್; ಎಣ್ಣೆಯಲ್ಲಿ ಮುಳುಗಿರುವ ಗೇರುಗಳು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತವೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾಕುವ ಪ್ಲಗ್ ಇಲ್ಲ. ಒಳಗೆಳೆದ ಗಾಳಿಯನ್ನು ಪಿಸ್ಟನ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ, ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಲೈನರ್ ಮತ್ತು ಪಿಸ್ಟನ್ ರಿಂಗು ಅರದಲ್ಲಿ ಉಜ್ಜಿದಂತೆ ಸವೆಯುತ್ತವೆ. ಒತ್ತಿದ ಗಾಳಿ ಸಂದಿಯಲ್ಲಿ ಸೋರುತ್ತದೆ, ಬಿಸಿ ಸಾಲುವುದಿಲ್ಲ. ಬೆಳಿಗ್ಗೆ ಎಷ್ಟು ತಿರುಗಿಸಿದರೂ ಸ್ಟಾರ್ಟ್ ಆಗದಿರುವುದು, ಬ್ರೀದರ್ ಕೊಳವೆಯಲ್ಲಿ ಬುಸಬುಸನೆ ಹೊಗೆ ಬರುವುದು, ಎಂಜಿನ್ ಎಣ್ಣೆ ಖಾಲಿಯಾಗುತ್ತಲೇ ಇರುವುದು, ಎಲ್ಲವೂ ಆ ಒಂದೇ ಸೋರಿಕೆಯ ಲಕ್ಷಣಗಳು.

ಕೊಳೆರೋಗಕ್ಕೆ ಬೋರ್ಡೋ ಬಿಡುವ ನಮ್ಮ ಕಡೆ ಇನ್ನೊಂದು ಕಂಟಕವೂ ಇದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿದು, ಕಬ್ಬಿಣ ಸಿಕ್ಕಲ್ಲಿ ಕಬ್ಬಿಣವನ್ನು ಕರಗಿಸಿ ತಾನು ಅಲ್ಲಿ ಕೂರುತ್ತದೆ. ಹಿರಿಯರು ಕತ್ತಿಯ ಅಲಗನ್ನು ಅದ್ದಿ ಕೆಂಪು ಹಿಡಿಯಿತೇ ಎಂದು ನೋಡುವುದು ಇದೇ ರಸಾಯನ ಕ್ರಿಯೆಯನ್ನು. ಕತ್ತಿಗೆ ಆಗುವುದೇ ಪಂಪಿನ ಪಕ್ಕದಲ್ಲಿ ನಿಂತ ಟಿಲ್ಲರಿನ ಡೀಸೆಲ್ ಟ್ಯಾಂಕಿಗೂ ಬೋಲ್ಟಿಗೂ ಆಗುತ್ತದೆ. ಮದ್ದು ಬಿಟ್ಟ ದಿನವೇ ಯಂತ್ರವನ್ನು ನೀರು ಹಾಕಿ ತೊಳೆದರೆ ಎಷ್ಟೋ ವರ್ಷ ಆಯುಷ್ಯ ಹೆಚ್ಚುತ್ತದೆ.

ಸವೆದದ್ದು ಲೈನರ್, ಪಿಸ್ಟನ್, ರಿಂಗು ಮಾತ್ರವಾದರೆ ಹೊಸ ಎಂಜಿನ್ ತರುವುದು ದುಂದು ಎಂದೇ ನನ್ನ ಅಭಿಪ್ರಾಯ. ನೀರಿನ ತಂಪಿನ ಈ ಎಂಜಿನ್ನುಗಳಲ್ಲಿ ಲೈನರನ್ನು ಎಳೆದು ತೆಗೆದು ಹೊಸದು ಕೂರಿಸಬಹುದು, ಮೆಕ್ಯಾನಿಕ್‌ಗಳು ಕಿಟ್ ಹಾಕುವುದು ಎನ್ನುವುದು ಇದನ್ನೇ. ಬ್ಲಾಕ್ ಬಿರಿದಿದ್ದರೆ, ಕ್ರ್ಯಾಂಕ್ ಶಾಫ್ಟಿನ ಬೇರಿಂಗ್ ಕೂರುವ ಜಾಗ ಕೆಟ್ಟಿದ್ದರೆ ಅಥವಾ ಬಿಡಿಭಾಗ ಸಿಗುವುದೇ ನಿಂತಿದ್ದರೆ ಮಾತ್ರ ಬದಲಿಸುವ ಮಾತು.

ಆಗ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಎಚ್‌ಪಿ ಎಂದು. ಕೇಳಬೇಕಾದ್ದು ಎಷ್ಟು ಆರ್‌ಪಿಎಂನಲ್ಲಿ ಆ ಎಚ್‌ಪಿ ಎಂದು. ಹಳೆಯ ಎಂಜಿನ್ 12 ಎಚ್‌ಪಿ, ನಿಮಿಷಕ್ಕೆ 2000 ಸುತ್ತು ಎಂದಿಟ್ಟುಕೊಳ್ಳೋಣ. ಅದರ ತಿರುಚು ಬಲ, ಅಂದರೆ ಟಾರ್ಕ್, ಸುಮಾರು 43 ನ್ಯೂಟನ್ ಮೀಟರ್. ಈಗ ಸುಲಭವಾಗಿ ಸಿಗುವ, ಇಬ್ಬರು ಎತ್ತಬಹುದಾದ ಗಾಳಿತಂಪಿನ ಡೀಸೆಲ್ ಎಂಜಿನ್ 10 ಎಚ್‌ಪಿ, 3600 ಸುತ್ತಿನದು. ಕಾಗದದ ಮೇಲೆ ಎರಡೇ ಎಚ್‌ಪಿ ಕಡಿಮೆ, ಆದರೆ ಟಾರ್ಕ್ ಬರೀ 20. ಅರ್ಧಕ್ಕೂ ಕಡಿಮೆ! ಹಳೆಯ ಪುಲ್ಲಿಯನ್ನೇ ಹಾಕಿದರೆ ಏರಿನಲ್ಲಿ ಎಂಜಿನ್ ನಿಲ್ಲುತ್ತದೆ, ಸಮತಟ್ಟಿನಲ್ಲಿ ಟಿಲ್ಲರ್ ಸುಮಾರು ಎರಡು ಪಟ್ಟು ವೇಗದಲ್ಲಿ ಓಡುತ್ತದೆ.

ಎಂಜಿನ್ ಪುಲ್ಲಿಯನ್ನು ಚಿಕ್ಕದು ಮಾಡಿದರಾಯಿತಲ್ಲ ಎನ್ನಬಹುದು. ಲೆಕ್ಕ ಸರಿ, ಬೆಲ್ಟ್ ಒಪ್ಪುವುದಿಲ್ಲ. ಮೊದಲಿನ ಪುಲ್ಲಿ 14 ಸೆಂಟಿಮೀಟರ್ ಇದ್ದರೆ ಹೊಸದು ಎಂಟಕ್ಕೂ ಕಡಿಮೆ ಆಗಬೇಕು. ಬಿ ಅಳತೆಯ ಬೆಲ್ಟಿಗೆ 12 ಸೆಂಟಿಮೀಟರಿಗಿಂತ ಚಿಕ್ಕದು ಹಿತವಲ್ಲ. ಅಷ್ಟು ಸಣ್ಣ ಸುತ್ತಿಗೆ ಬಾಗಿದರೆ ಬೆಲ್ಟ್ ಬಿಸಿಯಾಗುತ್ತದೆ, ಬಿರಿಯುತ್ತದೆ, ಹಿಡಿತ ಸಾಲದೆ ಜಾರುತ್ತದೆ.

ಇದಕ್ಕೆ ಒಂದು ಸೊಗಸಾದ ಪರಿಹಾರ ಎಂಜಿನ್ನಿನ ಒಳಗೇ ಇದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕವಾಟಗಳು ಎರಡು ಸುತ್ತಿಗೊಮ್ಮೆ ತೆರೆಯಬೇಕು. ಹಾಗಾಗಿ ಅವನ್ನು ನಡೆಸುವ ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಷ್ಟೇ ತಿರುಗುತ್ತದೆ. ಆ ಶಾಫ್ಟನ್ನೇ ಗಟ್ಟಿ ಮಾಡಿ ಹೊರಗೆ ತಂದ ಮಾದರಿಗಳಿವೆ. ಅಲ್ಲಿಂದ ಶಕ್ತಿ ತೆಗೆದರೆ 3600 ತಾನಾಗಿ 1800 ಆಗುತ್ತದೆ, ಟಾರ್ಕ್ ಇಮ್ಮಡಿಯಾಗುತ್ತದೆ. ಹಳೆಯ ಪುಲ್ಲಿಯ ಅಳತೆಯೂ ಹೆಚ್ಚುಕಡಿಮೆ ಹೊಂದುತ್ತದೆ.

ಆದರೆ ಒಂದು ಜೋಡಿ ಗೇರ್ ದಾಟಿದರೆ ತಿರುಗುವ ದಿಕ್ಕು ಉಲ್ಟಾ. ಇದನ್ನು ಗಮನಿಸದೆ ಕೂರಿಸಿದರೆ ಮುಂದಕ್ಕೆ ಆರು, ಹಿಂದಕ್ಕೆ ಎರಡು ಗೇರ್ ಇದ್ದ ಟಿಲ್ಲರ್ ಹಿಂದಕ್ಕೆ ಆರು, ಮುಂದಕ್ಕೆ ಎರಡು ಗೇರಿನದಾಗುತ್ತದೆ. ಹಳೆಯ ಎಂಜಿನ್ ಬಿಚ್ಚುವ ಮೊದಲೇ ಕ್ಲಚ್ ಪುಲ್ಲಿಯ ಮೇಲೆ ಬಣ್ಣದಲ್ಲಿ ಬಾಣದ ಗುರುತು ಹಾಕಿಕೊಳ್ಳಬೇಕು. ಎಂಜಿನ್ನನ್ನು ತಿರುಗಿಸಿ ಕೂರಿಸಿದರೆ ದಿಕ್ಕು ಸರಿಹೋಗುತ್ತದೆ, ಆದರೆ ಪುಲ್ಲಿ ಆಚೆ ಬದಿಗೆ ಹೋಗುತ್ತದೆ.

ಗುಡ್ಡೆಯ ಇಳಿಜಾರಿರುವ ನಮ್ಮಲ್ಲಿ ವೇಗ ಹೆಚ್ಚುವುದು ಪ್ರಾಣದ ಪ್ರಶ್ನೆ. ಟಿಲ್ಲರಿಗೆ ಸ್ಟೀರಿಂಗ್ ಚಕ್ರವಿಲ್ಲ, ಎರಡು ಹಿಡಿಗಳಲ್ಲಿ ಎರಡು ಕ್ಲಚ್. ಸಮತಟ್ಟಿನಲ್ಲಿ ಬಲಗಡೆಯದನ್ನು ಹಿಡಿದರೆ ಬಲಚಕ್ರದ ಶಕ್ತಿ ನಿಲ್ಲುತ್ತದೆ, ಎಡಚಕ್ರ ದೂಡಿ ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಟ್ರೈಲರಿನ ಭಾರವೇ ದೂಡುವಾಗ ಚಕ್ರಗಳನ್ನು ತಡೆದು ಹಿಡಿದಿರುವುದು ಎಂಜಿನ್. ಆಗ ಬಲ ಕ್ಲಚ್ ಹಿಡಿದರೆ ಬಲಚಕ್ರ ಬಿಡುಗಡೆಯಾಗಿ ಓಡುತ್ತದೆ, ಎಡಚಕ್ರ ಹಿಡಿದುಕೊಂಡಿರುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ! ನುರಿತವರ ಕೈ ಈ ವಿಲೋಮವನ್ನು ಹಳೆಯ ವೇಗಕ್ಕೆ ಕಲಿತಿರುತ್ತದೆ. ವೇಗ ಇಮ್ಮಡಿಯಾದರೆ ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಟ್ರೈಲರ್ ಎಳೆಯುವ ಟಿಲ್ಲರಿಗೆ ನಾನು 3600 ಸುತ್ತಿನ ಎಂಜಿನ್ನನ್ನು ನೇರವಾಗಿ ಜೋಡಿಸಲೇಬಾರದು ಎನ್ನುವುದು ಇದಕ್ಕಾಗಿ. 2000 ಸುತ್ತಿನ ಆಸುಪಾಸಿನ, ಭಾರದ ಫ್ಲೈವೀಲಿನ ಹಳೇ ಧಾಟಿಯ ಎಂಜಿನ್ ಹೊಸದಾಗಿಯೂ ಸಿಗುತ್ತದೆ. ಎರಡು ಸುತ್ತಿಗೊಮ್ಮೆ ಮಾತ್ರ ಶಕ್ತಿ ಕೊಡುವ ಒಂಟಿ ಸಿಲಿಂಡರಿಗೆ ಆ ಭಾರ ಬೇಕು. ಚಕ್ರ ಮುರಕಲ್ಲಿಗೆ ತಾಗಿದ ಕ್ಷಣದಲ್ಲಿ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುವುದು ಅದೇ.

ನಡುಕದ ಲೆಕ್ಕವೂ ಇಲ್ಲಿಗೇ ಬರುತ್ತದೆ. ಅದೇ ತೂಕದ ಪಿಸ್ಟನ್, ಅದೇ ಓಟ ಇದ್ದಾಗ ಸುತ್ತು 1.8 ಪಟ್ಟಾದರೆ ಅಲುಗಿಸುವ ಬಲ ಮೂರು ಪಟ್ಟಿಗೂ ಹೆಚ್ಚು. ಬೋಲ್ಟ್ ಸಡಿಲವಾಗುತ್ತದೆ, ಹಿಡಿದ ಕೈ ಜೋಮು ಹಿಡಿಯುತ್ತದೆ.

ಕೂರಿಸುವ ಕೆಲಸದಲ್ಲಿ ಆತುರ ಸಲ್ಲದು. ಹಳೆಯ ಎಂಜಿನ್ ನೂರು ಕಿಲೋ ದಾಟುತ್ತದೆ. ಮೂರು ಗಟ್ಟಿ ಕಂಬಗಳ ಮುಕ್ಕಾಲಿಗೆ ಚೈನ್ ಬ್ಲಾಕ್ ಕಟ್ಟಿ ಎತ್ತಬೇಕು, ಕೆಳಗೆ ಯಾರ ಕಾಲೂ ಇರಬಾರದು. ಎರಡು ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿ ಹಿಡಿದಾಗ ಎಲ್ಲೂ ಸಂದಿ ಕಾಣಬಾರದು. ಬೋಲ್ಟಿನ ತೂತುಗಳು ಉದ್ದವಾಗಿರುವುದು ಎಂಜಿನ್ನನ್ನು ಮುಂದಕ್ಕೆ ಸರಿಸಿ ಬೆಲ್ಟ್ ಬಿಗಿ ಮಾಡಲಿಕ್ಕೆ. ಬೆಲ್ಟುಗಳಲ್ಲಿ ಒಂದು ಹೋದರೂ ಅಷ್ಟನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಹೊಸದೊಂದೇ ಭಾರವನ್ನೆಲ್ಲ ಹೊರುತ್ತದೆ. ಹೊಸ ರಿಂಗುಗಳು ಲೈನರಿಗೆ ಹೊಂದುವ ತನಕ ಅರ್ಧ ಹೊರೆಯಲ್ಲೇ ಓಡಿಸಿ, ತಯಾರಕರು ಹೇಳಿದ ಅವಧಿಗೆ ಮೊದಲ ಎಣ್ಣೆಯನ್ನು ಪೂರ್ತಿ ಇಳಿಸಿ ತೆಗೆಯಬೇಕು. ಆ ಎಣ್ಣೆ ಬಿಸಿಲಿಗೆ ಮಿನುಗುತ್ತದೆ, ಹೊಸ ಲೋಹದ ನವುರು ಪುಡಿ ಅದರಲ್ಲಿರುತ್ತದೆ. ಅದನ್ನು ಕಣಿಗೆ ಬಿಡದೆ ಕ್ಯಾನಿನಲ್ಲಿ ತುಂಬಿಸಿಡಿ.